ಕನ್ಸೋಲ್‌ಗೆ ಕಾಣದ ಮಷೀನುಗಳ ಲೆಕ್ಕ ಮೊದಲು ಕೇಳಿ

ಪ್ರಶ್ನೆ: ಕಲಬುರಗಿಯಲ್ಲಿ ಮುಖ್ಯ ಕಚೇರಿ ಇರುವ ಒಂದು ವಿದ್ಯಾಸಂಸ್ಥೆಯ ಐಟಿ ವಿಭಾಗ ನೋಡಿಕೊಳ್ಳುತ್ತೇನೆ. ಕಾಲೇಜುಗಳು, ಶಾಲೆಗಳು, ಒಂದು ಆಸ್ಪತ್ರೆ ಸೇರಿ ಸೇಡಂ, ಆಳಂದ, ಭಾಲ್ಕಿ, ಹುಮನಾಬಾದ್, ಶಹಾಪುರ, ಸುರಪುರದಲ್ಲೆಲ್ಲ ಸುಮಾರು 1,600 ಕಂಪ್ಯೂಟರ್‌ಗಳಿವೆ. ನಾವಿರುವುದು ನಾಲ್ಕೇ ಜನ. ಎಲ್ಲಕ್ಕೂ ಒಂದೇ ಕನ್ಸೋಲ್‌ನಿಂದ (ಒಂದೇ ನಿಯಂತ್ರಣ ಪರದೆಯಿಂದ) ನಡೆಯುವ ಆಂಟಿವೈರಸ್ ಹಾಕಿದ್ದೇವೆ. ಕನ್ಸೋಲ್‌ನಲ್ಲಿ 1,410 ಮಷೀನ್ ಕಾಣುತ್ತವೆ, ಅದರಲ್ಲಿ ಶೇ 97 ಹಸಿರು. ಈ ಸಲ ರಿನ್ಯೂವಲ್‌ಗೆ ಮುಂಚೆ ಕಂಪನಿಯವರು ‘ಯಾವ ಯಾವ ಹೊಸ ಸೌಲಭ್ಯ ಬೇಕು, ಬರೆದು ಕೊಡಿ’ ಎಂದಿದ್ದಾರೆ. 34 ಬೇಡಿಕೆಗಳ ಪಟ್ಟಿ ಮಾಡಿ ನಿಮಗೆ ಕಳಿಸಿದ್ದೇನೆ: ಎಐ ಪತ್ತೆ, ಮೊಬೈಲ್ ಆ್ಯಪ್, ಡಾರ್ಕ್ ಥೀಮ್, ಪೆನ್‌ಡ್ರೈವ್ ಪೂರ್ತಿ ಬಂದ್, ಕನ್ನಡದಲ್ಲಿ ಸಂದೇಶ, ಹೀಗೆ. ಯಾವುದು ಇಡಲಿ, ಯಾವುದು ಬಿಡಲಿ?

ಉತ್ತರ: ಪಟ್ಟಿ ಪೂರ್ತಿ ಓದಿದೆ. ಅರ್ಧಕ್ಕಿಂತ ಹೆಚ್ಚನ್ನು ಇವತ್ತೇ ಹೊಡೆದುಹಾಕಿ. ‘ಇನ್ನೂ ಹೆಚ್ಚು ವೈರಸ್ ಹಿಡಿಯಬೇಕು’, ‘ಎಐ ಇರಬೇಕು’ ಅಂತ ನೀವು ಬರೆದುಕೊಡದಿದ್ದರೂ ಕಂಪನಿಯವರು ಅದನ್ನು ಮಾಡುತ್ತಲೇ ಇರುತ್ತಾರೆ, ಅವರವರ ಪೈಪೋಟಿ ಇರುವುದೇ ಅಲ್ಲಿ. ಡಾರ್ಕ್ ಥೀಮ್, ಮೊಬೈಲ್ ಆ್ಯಪ್ ಬಂದರೆ ಬರಲಿ, ಬರದಿದ್ದರೆ ನಷ್ಟವಿಲ್ಲ. ನೀವು ಕೇಳಬೇಕಾದದ್ದು ದೂರದ ಊರಿನಲ್ಲಿ ಕೂತು ಪ್ರೋಗ್ರಾಂ ಬರೆಯುವವರಿಗೆ ಎಂದೂ ಕಾಣಿಸದ ಸಂಗತಿಗಳನ್ನು. ಸುರಪುರದ ತೆಳು ಇಂಟರ್ನೆಟ್ ಲೈನು, ಬೇಸಿಗೆಯಲ್ಲಿ ಎರಡು ತಿಂಗಳು ಬೀಗ ಹಾಕಿದ ಲ್ಯಾಬು, ಹಗಲೆಲ್ಲ ಬಂದು ಹೋಗುವ ಕರೆಂಟು, ನಾಲ್ಕೇ ಜನ ಇರುವ ನಿಮ್ಮ ವಿಭಾಗ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಪಟ್ಟಿಯಲ್ಲ, ನೀವು ಹಾಗೇ ದಾಟಿಹೋದ ಎರಡು ಸಂಖ್ಯೆಗಳು. ಇರುವುದು 1,600, ಕನ್ಸೋಲ್‌ಗೆ ಕಾಣುವುದು 1,410. ಉಳಿದ 190 ಎಲ್ಲಿ? ಶೇ 97 ಅನ್ನುವುದು ಏಜೆಂಟ್ (ಮಷೀನಿನೊಳಗೆ ಕೂತ ಆಂಟಿವೈರಸ್ ಪ್ರೋಗ್ರಾಂ) ಇರುವ, ಸರ್ವರ್ ಜೊತೆ ಮಾತಾಡುತ್ತಿರುವ ಮಷೀನುಗಳಲ್ಲಿ ಶೇ 97. ಏಜೆಂಟ್ ಹಾಕದೆ ಬಿಟ್ಟದ್ದು, ಫಾರ್ಮ್ಯಾಟ್ ಆದ ಮೇಲೆ ಮತ್ತೆ ಹಾಕದ್ದು, ಪಟ್ಟಿಯಿಂದಲೇ ಉದುರಿಹೋದದ್ದು ಈ ಲೆಕ್ಕಕ್ಕೇ ಬರುವುದಿಲ್ಲ. ಎಪಿಎಂಸಿಯಲ್ಲಿ ತೊಗರಿ ಕೊಳ್ಳುವವನೇ ತೂಗಿ, ಅವನೇ ತೂಕ ಬರೆದುಕೊಂಡರೆ ಹೇಗೋ ಹಾಗೆ. ಆದ್ದರಿಂದ ಮೊದಲ ಬೇಡಿಕೆ ಇದು: ಕನ್ಸೋಲ್ ತನ್ನ ಪಟ್ಟಿಯನ್ನು ಹೊರಗಿನ ಇನ್ನೊಂದು ಪಟ್ಟಿಯ ಜೊತೆ ತಾನಾಗಿ ತಾಳೆ ನೋಡಬೇಕು. ಡೊಮೇನ್ ಇದ್ದ ಕಡೆ ಆ್ಯಕ್ಟಿವ್ ಡೈರೆಕ್ಟರಿ (ಡೊಮೇನಿಗೆ ಸೇರಿದ ಮಷೀನುಗಳ ದಾಖಲೆ), ಇಲ್ಲದ ಕಡೆ ಡಿಎಚ್‌ಸಿಪಿ ಪಟ್ಟಿ (ನೆಟ್‌ವರ್ಕಿನಲ್ಲಿ ಯಾವ ಮಷೀನಿಗೆ ಯಾವ ವಿಳಾಸ ಕೊಟ್ಟಿದೆ ಅನ್ನುವುದು), ಅದೂ ಇಲ್ಲದಿದ್ದರೆ ಅದೇ ಲ್ಯಾಬಿನಲ್ಲಿರುವ ಒಂದು ಏಜೆಂಟ್ ಅಕ್ಕಪಕ್ಕದ ಮಷೀನುಗಳನ್ನು ಗುರುತಿಸಿ ‘ನನ್ನ ನೆಟ್‌ವರ್ಕಿನಲ್ಲಿ ಇಷ್ಟಿವೆ, ಇದರಲ್ಲಿ ಏಜೆಂಟ್ ಇಲ್ಲದವು ಇಷ್ಟು’ ಅಂತ ವರದಿ ಕಳಿಸಬೇಕು. ಕೆಲವು ಉತ್ಪನ್ನಗಳಲ್ಲಿ ಈ ಸೌಲಭ್ಯ ಹೆಸರಿಗೆ ಇರುತ್ತದೆ, ಆದರೆ ಯಾರಾದರೂ ಹೋಗಿ ಬಟನ್ ಒತ್ತಬೇಕು. ತಾನಾಗಿ ನಡೆಯಬೇಕು, ಸಿಕ್ಕ ವ್ಯತ್ಯಾಸ ಮೊದಲ ಪರದೆಯಲ್ಲೇ ಕಾಣಬೇಕು ಅಂತ ಬರೆಯಿರಿ.

ಇನ್ನೊಂದು ಗುಮಾನಿ. ಆ 1,410ರಲ್ಲೂ ಎಲ್ಲ ಖರೆ ಇರಲಿಕ್ಕಿಲ್ಲ. ಕಾಲೇಜು ಲ್ಯಾಬುಗಳಲ್ಲಿ ಒಂದು ಮಷೀನ್ ಸಿದ್ಧಮಾಡಿ ಅದರ ಇಮೇಜನ್ನು (ಡಿಸ್ಕಿನ ಪೂರ್ತಿ ನಕಲು) ಉಳಿದ ಮೂವತ್ತು-ನಲವತ್ತಕ್ಕೆ ಇಳಿಸುವುದು ರೂಢಿ. ಇಮೇಜಿನೊಳಗೆ ಏಜೆಂಟ್ ಮೊದಲೇ ಇದ್ದರೆ ಎಲ್ಲ ಮಷೀನಿಗೂ ಒಂದೇ ಗುರುತಿನ ಸಂಖ್ಯೆ ಬಂದುಬಿಡುತ್ತದೆ. ಆಗ ಇಡೀ ಲ್ಯಾಬು ಕನ್ಸೋಲ್‌ನಲ್ಲಿ ಒಂದೇ ಮಷೀನಾಗಿ, ನಿಮಿಷಕ್ಕೊಂದು ಹೆಸರು, ನಿಮಿಷಕ್ಕೊಂದು ಐಪಿ ತೋರಿಸುತ್ತಾ ಕೂರುತ್ತದೆ. ಇದರ ಉಲ್ಟಾ ಕೂಡ ಉಂಟು. ಪ್ರತಿ ಸಲ ಫಾರ್ಮ್ಯಾಟ್ ಮಾಡಿದಾಗ ಹೊಸ ಗುರುತು ಹುಟ್ಟಿ, ಹಳೆಯದು ಪಟ್ಟಿಯಲ್ಲಿ ಉಳಿದು, ಲೈಸೆನ್ಸ್ ಎರಡು ತಿನ್ನುತ್ತದೆ. ಒಂದೇ ಗುರುತಿನಿಂದ ಬೇರೆ ಬೇರೆ ಹಾರ್ಡ್‌ವೇರ್ ಮಾತಾಡುತ್ತಿದ್ದರೆ ಕನ್ಸೋಲ್ ತಾನೇ ಪತ್ತೆಹಚ್ಚಿ ಹೊಸ ಗುರುತು ಕೊಡಬೇಕು, ಒಂದೇ ಹಾರ್ಡ್‌ವೇರಿಗೆ ಎರಡು ಗುರುತು ಇದ್ದರೆ ಕೂಡಿಸಬೇಕು. ಇದು ನಿಮ್ಮ ದುಡ್ಡಿನ ಪ್ರಶ್ನೆ ಕೂಡ, ಆದ್ದರಿಂದ ಅಕೌಂಟ್ಸ್ ವಿಭಾಗದವರಿಗೂ ತೋರಿಸಿ, ಬೆಂಬಲ ಸಿಗುತ್ತದೆ.

‘ಕೊನೆಯದಾಗಿ ಕಂಡದ್ದು’ ಅನ್ನುವ ಒಂದೇ ಕಾಲಂ ಸಾಲದು. ಕೊನೆಯದಾಗಿ ಸರ್ವರ್ ಜೊತೆ ಮಾತಾಡಿದ್ದು ಯಾವಾಗ, ಸಿಗ್ನೇಚರ್ (ವೈರಸ್‌ಗಳ ಗುರುತಿನ ಪಟ್ಟಿ) ಅಪ್‌ಡೇಟ್ ಆದದ್ದು ಯಾವಾಗ, ಸ್ಕ್ಯಾನ್ ಶುರುವಾದದ್ದಲ್ಲ, ಮುಗಿದದ್ದು ಯಾವಾಗ, ರಿಯಲ್‌ಟೈಮ್ ರಕ್ಷಣೆ ಈಗ ನಡೆಯುತ್ತಿದೆಯೋ ಇಲ್ಲವೋ. ಈ ನಾಲ್ಕನ್ನು ಬೇರೆ ಬೇರೆ ತೋರಿಸಲಿ. ಅಪ್‌ಡೇಟ್ ಆಗಿ ಆರು ವಾರ ಕಳೆದಿದ್ದರೂ ಸರ್ವರಿಗೆ ‘ಬದುಕಿದ್ದೇನೆ’ ಅಂತ ಹೇಳುತ್ತಿರುವ ಒಂದೇ ಕಾರಣಕ್ಕೆ ಹಸಿರಾಗಿ ಕಾಣುವ ಮಷೀನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಸ್ಕ್ಯಾನ್ ಮುಗಿಯದಿರುವುದಕ್ಕೆ ನಮ್ಮ ಭಾಗದಲ್ಲಿ ಒಂದು ವಿಶೇಷ ಕಾರಣವೂ ಉಂಟು. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲಿನ ಕಾರಣ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಅದೇ ವೇಳೆ ಪಾಲಿಸುವ ಖಾಸಗಿ ಸಂಸ್ಥೆಗಳೂ ಇವೆ. ಊಟದ ಹೊತ್ತು ಅಂತ ಮಧ್ಯಾಹ್ನ 1 ಗಂಟೆಗೆ ಇಟ್ಟ ಸ್ಕ್ಯಾನು ಆ ಎರಡು ತಿಂಗಳು ಅರ್ಧ ಗಂಟೆ ಓಡಿ ಸಾಯುತ್ತದೆ, ಮಾರನೆಯ ದಿನ ಮತ್ತೆ ಮೊದಲಿಂದ. ಹಾಗಾಗಿ ಎರಡು ಮಾತು ಬರೆಯಿರಿ. ನಿಂತ ಸ್ಕ್ಯಾನ್ ನಿಂತಲ್ಲಿಂದ ಮುಂದುವರಿಯಬೇಕು. ವೇಳಾಪಟ್ಟಿಯನ್ನು ತಿಂಗಳು ನೋಡಿ ಬದಲಿಸುವಂತಿರಬೇಕು, ಅದೂ ಗ್ರೂಪಿಗೊಂದರಂತೆ.

ಬೇಸಿಗೆಯ ಮಾತು ಬಂದಾಗ ಇದನ್ನೂ ಹೇಳಿಬಿಡುತ್ತೇನೆ. ಒಂದಷ್ಟು ದಿನ ಕಾಣಿಸದ ಮಷೀನುಗಳನ್ನು ಪಟ್ಟಿಯಿಂದ ತೆಗೆದುಹಾಕುವ ವ್ಯವಸ್ಥೆ ಹೆಚ್ಚಿನ ಕನ್ಸೋಲ್‌ಗಳಲ್ಲಿ ಇರುತ್ತದೆ. ಕಚೇರಿ ಮಷೀನಿಗೆ ಅದು ಸರಿ. ಬೇಸಿಗೆಯಲ್ಲಿ ಬೀಗ ಹಾಕಿದ ಲ್ಯಾಬಿಗೆ ಅಲ್ಲ. ಜೂನ್‌ನಲ್ಲಿ ಬಾಗಿಲು ತೆಗೆದ ದಿನ ನಲವತ್ತು ಮಷೀನುಗಳು ಎರಡು ತಿಂಗಳ ಹಿಂದಿನ ಸಿಗ್ನೇಚರ್ ಹಿಡಿದು, ಕನ್ಸೋಲ್‌ಗೆ ಪರಿಚಯವೇ ಇಲ್ಲದವುಗಳಾಗಿ ಬಂದು ನಿಲ್ಲುತ್ತವೆ. ತೆಗೆದುಹಾಕುವ ಅವಧಿಯನ್ನು ಗ್ರೂಪಿನ ಮೇಲೆ ನಿರ್ಧರಿಸಲು ಬಿಡಬೇಕು. ಬಹಳ ದಿನದ ಮೇಲೆ ಮರಳಿದ ಮಷೀನು ಮೊದಲು ಅಪ್‌ಡೇಟ್ ಸರ್ವರ್ ಜೊತೆ ಮಾತ್ರ ಮಾತಾಡಿ, ಅದು ಮುಗಿದ ಮೇಲೆ ಉಳಿದ ನೆಟ್‌ವರ್ಕಿಗೆ ಬರಬೇಕು. ಆಂಟಿವೈರಸ್ ಜೊತೆ ಫೈರ್‌ವಾಲ್ ಕೂಡ ಬರುವ ಉತ್ಪನ್ನವಾದರೆ ಇದು ಅಂಥ ಕಷ್ಟದ ಕೆಲಸವಲ್ಲ.

ಹಾಗೇ ಗಡಿಯಾರ. ಇದನ್ನು ಬೇಡಿಕೆಯಾಗಿ ಬರೆದವರು ಕಡಿಮೆ. ಹಳೆಯ ಮದರ್‌ಬೋರ್ಡಿನ ಮೇಲಿನ ಸಿಆರ್ 2032 ಸೆಲ್ ಖಾಲಿಯಾಗಿರುತ್ತದೆ. ಕರೆಂಟ್ ಹೋಗಿ ಬಂದ ಕೂಡಲೇ ಮಷೀನಿನ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ಸರ್ವರಿನ ಗುರುತುಪತ್ರವಾದ ಸರ್ಟಿಫಿಕೇಟ್ ಆ ತಾರೀಖಿಗೆ ಇನ್ನೂ ಜಾರಿಗೇ ಬಂದಿಲ್ಲ, ಹಾಗಾಗಿ ಏಜೆಂಟ್ ಸಂಪರ್ಕ ನಿರಾಕರಿಸುತ್ತದೆ. ಕನ್ಸೋಲ್‌ನಲ್ಲಿ ಕಾಣುವುದು ಬರೀ ‘ಆಫ್‌ಲೈನ್’. ಶಹಾಪುರದಲ್ಲಿರುವ ಲ್ಯಾಬ್ ಅಸಿಸ್ಟೆಂಟಿಗೆ ಫೋನ್ ಮಾಡಿದರೆ ‘ಇಲ್ರಿ ಸರ್, ಮಷೀನ್ ಚಾಲೂನೇ ಅದ, ಇಂಟರ್ನೆಟ್ ಭೀ ಅದ’ ಅನ್ನುತ್ತಾರೆ. ಇಬ್ಬರ ಮಾತೂ ನಿಜ. ಸಂಪರ್ಕ ಯಾಕೆ ಮುರಿದಿದೆ ಅನ್ನುವ ಕಾರಣವನ್ನು ಏಜೆಂಟ್ ಮಷೀನಿನ ಮೇಲೇ ಸರಳ ಮಾತಿನಲ್ಲಿ ತೋರಿಸಿದರೆ ಒಂದು ದಿನದ ಬಸ್ ಪ್ರಯಾಣ ಉಳಿದು, ಕೆಲಸ ಒಂದು ಸೆಲ್ಲಿನಲ್ಲಿ ಮುಗಿಯುತ್ತದೆ.

ಇನ್ನು ಅಪ್‌ಡೇಟ್ ತಲುಪಿಸುವ ದಾರಿ. ಪ್ರತಿ ಊರಿನಲ್ಲಿ ಒಂದು ಮಷೀನನ್ನು ಹಂಚುವ ಮಷೀನಾಗಿ ಇಟ್ಟು, ಅದು ಒಂದು ಸಲ ಇಳಿಸಿಕೊಂಡು ಉಳಿದವಕ್ಕೆ ಕೊಡುವ ವ್ಯವಸ್ಥೆ ಈಗ ಹೆಚ್ಚಿನ ದೊಡ್ಡ ಉತ್ಪನ್ನಗಳಲ್ಲಿ ಇದೆ. ‘ಅದು ನಮಗೂ ಬೇಕು’ ಅಂತ ಬರೆಯಬೇಡಿ, ಬಹುಶಃ ಈಗಲೇ ಇದೆ. ಆ ಹಂಚುವ ಮಷೀನು ಬಂದ್ ಆಗಿದ್ದರೆ ಏನಾಗುತ್ತದೆ ಅಂತ ಕೇಳಿ. ಎಷ್ಟೋ ಕಡೆ ಉಳಿದ ಅಷ್ಟೂ ಮಷೀನು ನೇರ ಇಂಟರ್ನೆಟ್‌ಗೆ ಹಾರುತ್ತವೆ. ಬೆಳಿಗ್ಗೆ ಒಟ್ಟಿಗೇ ಸ್ವಿಚ್ ಹಾಕಿದ ನಲವತ್ತು ಮಷೀನು ಒಂದೇ ತೆಳು ಲೈನಿನಲ್ಲಿ ಎಳೆಯತೊಡಗಿದರೆ ಅಡ್ಮಿಷನ್ ಕೌಂಟರಿನ ಪೋರ್ಟಲ್ಲೂ ತೆರೆಯುವುದಿಲ್ಲ. ಆಗ ಬರುವ ಫೋನು ಗೊತ್ತೇ ಇದೆ: ‘ಸರ್, ಭಾಳ ಸ್ಲೋ ಆಗ್ಯಾದ್ರಿ, ಆ ಆಂಟಿವೈರಸ್ ತಗದ್ ಬಿಡ್ರಿ.’ ಹಂಚುವ ಕೆಲಸವನ್ನು ಇನ್ನೊಂದು ಮಷೀನು ತಾನಾಗಿ ಎತ್ತಿಕೊಳ್ಳಬೇಕು, ಎಲ್ಲವೂ ಒಂದೇ ಕ್ಷಣಕ್ಕೆ ಕೇಳದಂತೆ ವೇಳೆ ಚದುರಿಸಬೇಕು, ಹೊತ್ತು ನೋಡಿ ವೇಗಕ್ಕೆ ಮಿತಿ ಹಾಕುವಂತಿರಬೇಕು, ನಡುವೆ ಕರೆಂಟ್ ಹೋದರೆ ಅರ್ಧ ಇಳಿದ ಫೈಲು ವ್ಯರ್ಥವಾಗಬಾರದು.

ಇಲ್ಲಿಯವರೆಗಿನದು ಕಾಣುವುದರ ಬಗ್ಗೆ. ನಿಮ್ಮ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲದ ವಿಷಯವೆಂದರೆ ಹಿಂದಕ್ಕೆ ಪಡೆಯುವುದು.

2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಕಂಪನಿ ಕಳಿಸಿದ ಒಂದು ಕಂಟೆಂಟ್ ಫೈಲಿನ (ಏನನ್ನು ಹಿಡಿಯಬೇಕು ಅಂತ ಏಜೆಂಟಿಗೆ ಹೇಳುವ ಫೈಲು) ದೋಷದಿಂದ ವಿಂಡೋಸ್ ಮಷೀನುಗಳು ನೀಲಿ ಪರದೆ ತೋರಿಸಿ ನಿಂತವು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ 85 ಲಕ್ಷ ಮಷೀನುಗಳು. ನಮ್ಮ ಗಡಿಯಾರದಲ್ಲಿ ಆ ಫೈಲು ಹೊರಟದ್ದು ಬೆಳಿಗ್ಗೆ 9.39ಕ್ಕೆ, ಕಂಪನಿ ಅದನ್ನು ಹಿಂದಕ್ಕೆ ಪಡೆದದ್ದು 10.57ಕ್ಕೆ, ಅಂದರೆ 78 ನಿಮಿಷ. ಕಚೇರಿಗಳು ತೆರೆಯುವ ಹೊತ್ತು. 11 ಗಂಟೆಯ ಮೇಲೆ ಸ್ವಿಚ್ ಹಾಕಿದವರಿಗೆ ಏನೂ ಆಗಲಿಲ್ಲ. ಅದಕ್ಕೆ ಮುಂಚೆ ಹಾಕಿದವರ ಮಷೀನು ಬೂಟ್ ಆಗುವುದೇ ನಿಂತದ್ದರಿಂದ, ಕಂಪನಿ ಹಿಂದಕ್ಕೆ ಪಡೆದರೂ ಆ ಸುದ್ದಿ ಮಷೀನಿಗೆ ತಲುಪಲಿಲ್ಲ. ಬಹಳಷ್ಟು ಕಡೆ ಯಾರಾದರೂ ಎದುರಿಗೆ ಕೂತು, ಸೇಫ್ ಮೋಡಿಗೆ ಹೋಗಿ, ಆ ಫೈಲ್ ಅಳಿಸಬೇಕಾಯಿತು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದ ಕಡೆ ಪ್ರತಿ ಮಷೀನಿಗೂ 48 ಅಂಕಿಯ ರಿಕವರಿ ಕೀ ಹುಡುಕಿ ಟೈಪ್ ಮಾಡಬೇಕಾಯಿತು. ಇದೇನೂ ಮೊದಲ ಸಲವಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಆಂಟಿವೈರಸ್‌ನ ಒಂದು ಸಿಗ್ನೇಚರ್ ಫೈಲು ವಿಂಡೋಸ್ ಎಕ್ಸ್‌ಪಿಯ ಸ್ವಂತ ಸಿಸ್ಟಂ ಫೈಲನ್ನೇ ವೈರಸ್ ಅಂದುಕೊಂಡು ಹಿಡಿದುಹಾಕಿತು. ಮಷೀನುಗಳು ಪದೇ ಪದೇ ರೀಸ್ಟಾರ್ಟ್ ಆಗತೊಡಗಿದವು, ನೆಟ್‌ವರ್ಕ್ ಹೋಯಿತು. ನೆಟ್‌ವರ್ಕೇ ಇಲ್ಲದ ಮೇಲೆ ಕನ್ಸೋಲ್‌ನಿಂದ ಪರಿಹಾರ ಕಳಿಸುವುದೆಲ್ಲಿಂದ?

ನಾಲ್ಕು ಜನ, ಮೂರು ಜಿಲ್ಲೆ. ಹುಮನಾಬಾದಿಗೆ ಒಬ್ಬರು ಹೋದರೆ ಸುರಪುರಕ್ಕೆ ಯಾರು?

ಆದ್ದರಿಂದ ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ: ಅಪ್‌ಡೇಟ್ ಹಂತ ಹಂತವಾಗಿ ಹೋಗಬೇಕು, ಆ ಹಂತಗಳನ್ನು ನಾವು ನಿರ್ಧರಿಸಬೇಕು. ‘ನಮ್ಮಲ್ಲಿ ಅದು ಇದೆಯಲ್ಲ’ ಎಂದು ಸೇಲ್ಸ್‌ನವರು ಹೇಳಿದಾಗ ಇನ್ನೊಂದು ಪ್ರಶ್ನೆ ಕೇಳಿ: ಏಜೆಂಟಿನ ಆವೃತ್ತಿಗೆ ಮಾತ್ರವೋ, ದಿನದಿನದ ಸಿಗ್ನೇಚರ್ ಮತ್ತು ಕಂಟೆಂಟ್ ಫೈಲಿಗೂ ಇದೆಯೋ? ಎರಡೂ ಬೇರೆ. 2024ರಲ್ಲಿ ಏಜೆಂಟಿನ ಆವೃತ್ತಿಯನ್ನು ಬೇಕೆಂದೇ ಒಂದು ಹೆಜ್ಜೆ ಹಿಂದೆ ಇಟ್ಟುಕೊಂಡಿದ್ದ ಸಂಸ್ಥೆಗಳೂ ಪೆಟ್ಟು ತಿಂದವು, ಯಾಕೆಂದರೆ ಕಂಟೆಂಟ್ ಫೈಲು ಆ ಎಚ್ಚರಿಕೆಯನ್ನು ದಾಟಿ ಎಲ್ಲರಿಗೂ ಹೋಯಿತು. ಆ ಘಟನೆಯ ನಂತರವೇ ಕಂಪನಿ ಕಂಟೆಂಟ್ ಫೈಲನ್ನೂ ಹಂತಗಳಲ್ಲಿ ಕಳಿಸುವ, ಗ್ರಾಹಕರ ಕೈಗೆ ಹಿಡಿತ ಕೊಡುವ ಮಾತಾಡಿದ್ದು.

ತಡಮಾಡುವುದಕ್ಕೂ ಬೆಲೆ ಇದೆ, ಅದನ್ನು ಮುಚ್ಚಿಡಬಾರದು. ಸಿಗ್ನೇಚರನ್ನು ಒಂದು ದಿನ ಹಿಡಿದಿಟ್ಟರೆ ಆ ದಿನ ಬಂದ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಹೊಸ ರ್‍ಯಾನ್ಸಮ್‌ವೇರಿಗೆ ನೀವು ಬಾಗಿಲು ತೆರೆದಿಟ್ಟ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ, ಕಲಬುರಗಿಯ ಮುಖ್ಯ ಕಚೇರಿಯಲ್ಲಿ ನಿಮ್ಮ ಕೈಗೆಟುಕುವ ಇಪ್ಪತ್ತು-ಮೂವತ್ತು ಮಷೀನಿಗೆ ತಕ್ಷಣ, ಲ್ಯಾಬುಗಳಿಗೆ ಒಂದೆರಡು ಗಂಟೆ ಬಿಟ್ಟು, ದೂರದ ಊರು ಮತ್ತು ಆಸ್ಪತ್ರೆಯ ಸರ್ವರಿಗೆ ನಾಲ್ಕೈದು ಗಂಟೆ ಬಿಟ್ಟು. ಮೊದಲ ಗುಂಪಿನ ಮಷೀನುಗಳು ಅಪ್‌ಡೇಟ್ ಆದ ಮೇಲೆ ಒಟ್ಟಿಗೆ ಮೌನವಾದರೆ ಕನ್ಸೋಲ್ ತಾನಾಗಿ ಉಳಿದವರಿಗೆ ಕಳಿಸುವುದನ್ನು ನಿಲ್ಲಿಸಬೇಕು. ಹಿಂದಿನ ಸಿಗ್ನೇಚರ್ ಮಷೀನಿನ ಒಳಗೇ ಉಳಿದಿರಬೇಕು, ಒಂದೇ ಆದೇಶದಲ್ಲಿ ಅದಕ್ಕೆ ಮರಳುವಂತಿರಬೇಕು. ತುರ್ತು ಇದ್ದಾಗ ಕಾಯದೆ ಎಲ್ಲರಿಗೂ ಕಳಿಸುವ ಬಟನ್ ಕೂಡ ಇರಲಿ.

ಹಿಂದಕ್ಕೆ ಪಡೆಯುವ ಮಾತು ಕ್ವಾರಂಟೈನಿಗೂ (ಅನುಮಾನ ಬಂದ ಫೈಲನ್ನು ಬೇರೆ ಕಡೆ ಕೂಡಿಹಾಕುವುದು) ಅನ್ವಯಿಸುತ್ತದೆ. ನಮ್ಮಲ್ಲಿ ಡಿಜಿಟಲ್ ಸಹಿ ಇಲ್ಲದ ತಂತ್ರಾಂಶ ಬಹಳ ಬಳಕೆಯಲ್ಲಿದೆ. ಊರಿನ ಹುಡುಗರೇ ಬರೆದುಕೊಟ್ಟ ಫೀ ರಸೀದಿಯ ಪ್ರೋಗ್ರಾಂ, ಆಸ್ಪತ್ರೆ ಲ್ಯಾಬಿನ ಯಂತ್ರದಿಂದ ರಿಪೋರ್ಟ್ ಎಳೆಯುವ ಪುಟ್ಟ ಪ್ರೋಗ್ರಾಂ ಇಂಥವು. ನುಡಿ, ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶಗಳು ಕೀಲಿ ಒತ್ತಿದ್ದನ್ನು ನಡುವೆ ಹಿಡಿದು ಕನ್ನಡ ಅಕ್ಷರವಾಗಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಗಳನ್ನು ಹಿಡಿಯುವುದು ಹೆಚ್ಚುಕಡಿಮೆ ಹಾಗೆಯೇ, ಆದ್ದರಿಂದ ವರ್ತನೆ ನೋಡಿ ತೀರ್ಮಾನಿಸುವ ಆಂಟಿವೈರಸ್‌ಗೆ ಅನುಮಾನ ಬರುವುದು ಸಹಜ. ಒಂದು ಬೆಳಿಗ್ಗೆ ಇನ್ನೂರು ಮಷೀನಿನಿಂದ ನುಡಿ ಮಾಯವಾದರೆ ಇನ್ನೂರು ಕಡೆ ಒಂದೊಂದಾಗಿ ಮರಳಿಸುವಂತಿರಬಾರದು. ಆ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚು ಇದ್ದ ಹಾಗೆ) ಗುರುತಿಸಿ ಎಲ್ಲ ಕಡೆ ಒಟ್ಟಿಗೆ ಮರಳಿಸುವ ಆದೇಶ ಬೇಕು. ಕಂಪನಿ ಸಿಗ್ನೇಚರ್ ತಿದ್ದಿದ ಮೇಲೆ ಕ್ವಾರಂಟೈನಿನಲ್ಲಿರುವುದನ್ನು ಏಜೆಂಟ್ ತಾನಾಗಿ ಮರುಪರೀಕ್ಷಿಸಿ ತಪ್ಪಿಲ್ಲದ್ದನ್ನು ಬಿಡಬೇಕು.

ಇದರ ಬೆನ್ನಿಗೇ ಎಕ್ಸ್‌ಕ್ಲೂಷನ್, ಅಂದರೆ ಸ್ಕ್ಯಾನಿನಿಂದ ಕೊಡುವ ವಿನಾಯಿತಿ. ಈ ಇಡೀ ಉತ್ತರದಲ್ಲಿ ಒಂದನ್ನೇ ಕೇಳುವ ಅವಕಾಶ ನನಗಿದ್ದರೆ ಇದನ್ನೇ ಕೇಳುತ್ತಿದ್ದೆ: ಪ್ರತಿ ಎಕ್ಸ್‌ಕ್ಲೂಷನ್‌ಗೂ ಮುಗಿಯುವ ತಾರೀಖು. ಸಾಮಾನ್ಯವಾಗಿ ನಡೆಯುವುದು ಹೀಗೆ. ಸಾಫ್ಟ್‌ವೇರ್ ಕೊಟ್ಟವನು ‘ನಮ್ಮ ಪ್ರೋಗ್ರಾಂ ಓಡ್ತಿಲ್ಲ, ಆಂಟಿವೈರಸ್ ಅಡ್ಡ ಬರ್ತದೆ’ ಅನ್ನುತ್ತಾನೆ, ಅವಸರದಲ್ಲಿ ಒಂದು ಫೋಲ್ಡರನ್ನೋ, ಇಡೀ ಡಿ ಡ್ರೈವನ್ನೋ ಸ್ಕ್ಯಾನಿನಿಂದ ಹೊರಗಿಡಲಾಗುತ್ತದೆ. ಅವನ ಕಾಂಟ್ರ್ಯಾಕ್ಟ್ ಮುಗಿಯುತ್ತದೆ, ಪ್ರೋಗ್ರಾಂ ಬದಲಾಗುತ್ತದೆ, ಎಕ್ಸ್‌ಕ್ಲೂಷನ್ ಮಾತ್ರ ಅಲ್ಲೇ. ಒಳಗೆ ನುಸುಳಿದವನಿಗೆ ಅದಕ್ಕಿಂತ ಒಳ್ಳೆಯ ಅಡಗುತಾಣ ಸಿಗುವುದಿಲ್ಲ. ಯಾರು ಹಾಕಿದರು, ಯಾಕೆ ಹಾಕಿದರು, ಎಷ್ಟು ದಿನಕ್ಕೆ ಅನ್ನುವ ಮೂರು ಖಾನೆ ತುಂಬದೆ ಸೇವ್ ಆಗಲೇಬಾರದು. ದಿನ ಮುಗಿಯುವ ವಾರ ಮೊದಲು ನೆನಪಿಸಬೇಕು, ಯಾರೂ ಮಾತಾಡದಿದ್ದರೆ ತಾನಾಗಿ ಹೋಗಬೇಕು. ಫೋಲ್ಡರ್ ಹೆಸರಿನ ಬದಲು ಫೈಲಿನ ಹ್ಯಾಶ್ ಅಥವಾ ತಯಾರಕರ ಸಹಿಯ ಮೇಲೆ ವಿನಾಯಿತಿ ಕೊಡುವಂತಿದ್ದರೆ ಇನ್ನೂ ಒಳ್ಳೆಯದು.

ಪೆನ್‌ಡ್ರೈವ್ ಪೂರ್ತಿ ಬಂದ್ ಮಾಡುವ ಆಸೆ ಬಿಡಿ. ಯುಎಸ್‌ಬಿ ಕಿಂಡಿಗೆ ಪೆನ್‌ಡ್ರೈವ್ ಒಂದೇ ಬರುವುದಿಲ್ಲ, ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್, ಬೆರಳಚ್ಚು ಯಂತ್ರ, ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಚಿತ್ರ ಹೊರತೆಗೆಯುವ ಡ್ರೈವ್ ಎಲ್ಲ ಅಲ್ಲೇ ಸಿಕ್ಕಿಸಬೇಕು. ಡ್ರೈವಿನ ಸೀರಿಯಲ್ ನಂಬರ್ ನೋಡಿ ಅನುಮತಿ ಕೊಡುವುದು, ಓದಲು ಬಿಟ್ಟು ಬರೆಯಲು ಬಿಡದಿರುವುದು, ಇವು ಬೇಕು. ಅದಕ್ಕಿಂತ ಹೆಚ್ಚಾಗಿ ಬೇಕಾದದ್ದು ಫೋನಿನಲ್ಲಿ ಹೇಳಬಹುದಾದ ತಾತ್ಕಾಲಿಕ ಕೋಡ್. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿ ಆಳಂದದ ಪ್ರಿನ್ಸಿಪಾಲರು ಕೇಳಿದರೆ ಒಂದು ಗಂಟೆಯ ಮಟ್ಟಿಗೆ ಒಂದೇ ಮಷೀನಿನಲ್ಲಿ ಕಿಂಡಿ ತೆರೆದು, ತಾನಾಗಿ ಮುಚ್ಚಿಕೊಳ್ಳುವಂಥದ್ದು.

ಝೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವಿನ ಕಾಯಿಲೆ ನಿಮಗೆ ಗೊತ್ತೇ ಇದೆ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಆಂಟಿವೈರಸ್ ಆ ಶಾರ್ಟ್‌ಕಟ್‌ಗಳನ್ನು ಅಳಿಸಿ ‘ಶುದ್ಧವಾಯಿತು’ ಅನ್ನುತ್ತದೆ. ಆದರೆ ನಿಜವಾದ ಫೋಲ್ಡರುಗಳನ್ನು ಆ ವೈರಸ್ ಹಿಡನ್ ಮಾಡಿಟ್ಟು ಹೋಗಿರುತ್ತದೆ, ಅದನ್ನು ಯಾರೂ ಸರಿಪಡಿಸುವುದಿಲ್ಲ. ಪಾಪ, ಆ ಉಪನ್ಯಾಸಕಿಗೆ ಕಾಣುವುದು ಖಾಲಿ ಪೆನ್‌ಡ್ರೈವ್. ವರ್ಷದ ನೋಟ್ಸನ್ನು ಆಂಟಿವೈರಸ್ ತಿಂದುಹಾಕಿತು ಅಂತ ಸ್ಟಾಫ್ ರೂಮಿನಲ್ಲಿ ಸುದ್ದಿಯಾಗುತ್ತದೆ, ಮುಂದೆ ಅವರು ಪೆನ್‌ಡ್ರೈವ್ ಹಾಕುವ ಮೊದಲು ರಕ್ಷಣೆ ಆಫ್ ಮಾಡುವ ದಾರಿ ಹುಡುಕುತ್ತಾರೆ. ಶುದ್ಧಮಾಡಿದ ಮೇಲೆ ಬಚ್ಚಿಟ್ಟ ಫೋಲ್ಡರುಗಳನ್ನು ಮರಳಿ ತೋರಿಸಬೇಕು ಅನ್ನುವುದು ಸಣ್ಣ ಬೇಡಿಕೆ, ಆದರೆ ನಿಮ್ಮ ಇಡೀ ಸಂಸ್ಥೆಯ ಜನ ಈ ತಂತ್ರಾಂಶವನ್ನು ನಂಬುವುದು ಇಂಥದ್ದರಿಂದಲೇ.

ಕನ್ನಡ ಸಂದೇಶದ ಬೇಡಿಕೆ ಉಳಿಸಿಕೊಳ್ಳಿ, ಸ್ವಲ್ಪ ತಿದ್ದಿ. ಕನ್ಸೋಲ್ ಕನ್ನಡವಾಗಬೇಕಿಲ್ಲ, ಅದನ್ನು ನೋಡುವವರು ನೀವೇ ನಾಲ್ಕು ಜನ. ಗುಮಾಸ್ತರ ಪರದೆಯ ಮೂಲೆಯಲ್ಲಿ ಬರುವ ಚೌಕದ ಬರಹವನ್ನು ನೀವೇ ಬರೆಯುವಂತಿರಲಿ: ‘ಈ ಫೈಲ್ ತಡೆಯಲಾಗಿದೆ. ನಿಮ್ಮ ಕೆಲಸ ಮುಂದುವರಿಸಿ. ತೊಂದರೆಯಾದರೆ ಐಟಿ ವಿಭಾಗಕ್ಕೆ ಫೋನ್ ಮಾಡಿ’, ಕೆಳಗೆ ನಿಮ್ಮ ನಂಬರು. ಜೊತೆಗೆ ಇನ್ನೊಂದು ಸಾಲು ಸೇರಿಸಿ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು ವರದಿಯಲ್ಲಿ ಕನ್ನಡದಲ್ಲೇ ಬರಬೇಕು. ಎಕ್ಸೆಲ್‌ನಲ್ಲಿ ತೆರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುವ ವರದಿಯಿಂದ ಯಾವ ಫೈಲು ಹೋಯಿತು ಅಂತ ಹುಡುಕುವುದು ಸಾಧ್ಯವಿಲ್ಲ.

ಪರೀಕ್ಷೆಯ ದಿನಗಳಿಗೆ ಒಂದು ಕ್ಯಾಲೆಂಡರ್ ಕೇಳಿ. ಆ ವೇಳೆಯಲ್ಲಿ ಸ್ಕ್ಯಾನ್ ಇಲ್ಲ, ರೀಸ್ಟಾರ್ಟ್ ಇಲ್ಲ, ಹೊಸ ಆವೃತ್ತಿ ಇಲ್ಲ, ರಿಯಲ್‌ಟೈಮ್ ರಕ್ಷಣೆ ಮಾತ್ರ ನಡೆಯುತ್ತಿರುತ್ತದೆ. ಇಷ್ಟೇ.

ಇನ್ನು ಕೀಲಿಕೈ ಯಾರ ಹತ್ತಿರ ಅನ್ನುವುದು. ಆಂಟಿವೈರಸ್ ಕನ್ಸೋಲ್ ಅಂದರೆ 1,600 ಮಷೀನಿನ ಮೇಲೆ ಒಂದೇ ಕಡೆಯಿಂದ ಏನು ಬೇಕಾದರೂ ಓಡಿಸುವ ಅಧಿಕಾರ. 2021ರ ಜುಲೈ 2ರಂದು ಕಸೇಯಾ ಅನ್ನುವ ನಿರ್ವಹಣಾ ತಂತ್ರಾಂಶದ ದೋಷ ಬಳಸಿ ದಾಳಿಕೋರರು ಅದರ ಮೂಲಕವೇ ರ್‍ಯಾನ್ಸಮ್‌ವೇರ್ ಹಂಚಿದರು. ಕಂಪನಿಯ ಅಂದಾಜಿನಲ್ಲೇ 1,500ರಷ್ಟು ಸಂಸ್ಥೆಗಳಿಗೆ ಪೆಟ್ಟು ಬಿತ್ತು. ಹಾಗಾಗಿ ಲಾಗಿನ್‌ಗೆ ಎರಡನೆಯ ಪುರಾವೆ (ಪಾಸ್‌ವರ್ಡ್ ಜೊತೆ ಫೋನಿಗೆ ಬರುವ ಕೋಡಿನಂಥದ್ದು) ಕಡ್ಡಾಯ ಆಗಿರಬೇಕು, ಬೇಕಾದರೆ ಹಾಕಿಕೊಳ್ಳಿ ಅನ್ನುವ ಹಾಗಲ್ಲ. ಇಡೀ ಗ್ರೂಪಿನ ರಕ್ಷಣೆ ನಿಲ್ಲಿಸುವುದು, ಎಲ್ಲ ಕಡೆ ಅನ್‌ಇನ್‌ಸ್ಟಾಲ್, ದೊಡ್ಡ ಎಕ್ಸ್‌ಕ್ಲೂಷನ್ ಇಂಥವಕ್ಕೆ ಇಬ್ಬರ ಒಪ್ಪಿಗೆ ಬೇಕು. ಭಾಲ್ಕಿಯ ಲ್ಯಾಬ್ ಅಸಿಸ್ಟೆಂಟಿಗೆ ತನ್ನ ಲ್ಯಾಬು ಮಾತ್ರ ಕಾಣಲಿ, ಸ್ಕ್ಯಾನ್ ಮಾಡಲಿ, ಆಫ್ ಮಾಡಲು ಆಗದಿರಲಿ. ಅನ್‌ಇನ್‌ಸ್ಟಾಲ್ ಪಾಸ್‌ವರ್ಡ್ ಇಡೀ ಸಂಸ್ಥೆಗೆ ಒಂದೇ ಇದ್ದರೆ ಅದು ಮೂರು ತಿಂಗಳಲ್ಲಿ ಎಲ್ಲ ಲ್ಯಾಬಿನ ಗೋಡೆಯ ಮೇಲೂ ಇರುತ್ತದೆ. ಮಷೀನಿಗೊಂದು, ಕೆಲವು ಗಂಟೆಗಳಲ್ಲಿ ಸಾಯುವ ಕೋಡ್ ಇರಲಿ.

ಎಚ್ಚರಿಕೆ ಸಂದೇಶಗಳ ಬಗ್ಗೆ ನೀವು ‘ಪ್ರತಿ ವೈರಸ್‌ಗೂ ಇಮೇಲ್ ಬೇಕು’ ಅಂತ ಬರೆದಿದ್ದೀರಿ. ಬೇಡ. ಒಂದು ವಾರದಲ್ಲಿ ಅದನ್ನು ಯಾರೂ ತೆರೆಯುವುದಿಲ್ಲ. ಒಂದೇ ವಸ್ತು ಒಂದು ಗಂಟೆಯಲ್ಲಿ ಐದಾರು ಮಷೀನಿನಲ್ಲಿ ಸಿಕ್ಕರೆ, ಸರ್ವರಿನಲ್ಲಿ ಏನಾದರೂ ಸಿಕ್ಕರೆ, ಏಜೆಂಟನ್ನು ಯಾರೋ ನಿಲ್ಲಿಸಿದರೆ, ಶುದ್ಧಮಾಡಿದ್ದೇ ಮತ್ತೆ ಮತ್ತೆ ಅದೇ ಮಷೀನಿಗೆ ಬರುತ್ತಿದ್ದರೆ ಮಾತ್ರ ಫೋನು ರಿಂಗಾಗಲಿ. ಕೊನೆಯದರಲ್ಲಿ ಎಲ್ಲಿಂದ ಬರುತ್ತಿದೆ ಅನ್ನುವುದೂ ಇರಬೇಕು: ಯಾವ ಐಪಿಯಿಂದ ಶೇರ್ ಫೋಲ್ಡರಿಗೆ ಬಂದು ಬಿತ್ತು, ಯಾವ ಪೆನ್‌ಡ್ರೈವಿನಿಂದ ಬಂತು. ಮೂಲ ಹೇಳದ ವರದಿ ಇಟ್ಟುಕೊಂಡು ನೀವು ಅದೇ ಮಷೀನನ್ನು ಎಷ್ಟು ಸಲ ತೊಳೆದರೂ ಅಷ್ಟೇ.

ಲಾಗ್ (ಏನೇನು ನಡೆಯಿತು ಅನ್ನುವ ದಾಖಲೆ) ವಿಷಯದಲ್ಲಿ ಕಾನೂನಿನ ಬಲ ನಿಮ್ಮ ಕಡೆಗಿದೆ, ಬಳಸಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು. ನಿಮ್ಮ ಕನ್ಸೋಲ್ ಎಷ್ಟು ದಿನದ್ದು ಉಳಿಸಿಕೊಳ್ಳುತ್ತದೆ ಅಂತ ಇವತ್ತೇ ನೋಡಿ. ಆಸ್ಪತ್ರೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್‌ನ ಸರ್ವರುಗಳಿಗೆ ರ್‍ಯಾನ್ಸಮ್‌ವೇರ್ ತಗುಲಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತು. ಲಾಗ್‌ಗಳು ಕನ್ಸೋಲ್‌ನಿಂದ ಬೇರೆ ಜಾಗಕ್ಕೆ ತಾನಾಗಿ ಹೋಗಬೇಕು, ಪ್ರತಿ ಸಾಲಿನಲ್ಲೂ ಮಷೀನಿನ ವೇಳೆ, ಸರ್ವರಿನ ವೇಳೆ ಎರಡೂ ಇರಬೇಕು. ಯಾಕೆ ಅಂತ ಸಿಆರ್ 2032 ಸೆಲ್ಲಿನ ಕತೆ ಓದಿದ ನಿಮಗೆ ಹೇಳಬೇಕಿಲ್ಲ.

ಹಳೆಯ ವಿಂಡೋಸ್ ಬಗ್ಗೆ ಎರಡೇ ಮಾತು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ. ಆಸ್ಪತ್ರೆಯ ಯಂತ್ರಗಳಿಗೆ ಅಂಟಿಕೊಂಡ ಮಷೀನುಗಳನ್ನು ನೀವು ಬದಲಿಸಲಾರಿರಿ. ಅವಕ್ಕೆ ಏಜೆಂಟ್ ಎಲ್ಲಿಯವರೆಗೆ ಸಿಗುತ್ತದೆ ಅನ್ನುವುದನ್ನು ತಾರೀಖು ಸಮೇತ ಬರೆಸಿಕೊಳ್ಳಿ, ಗೊತ್ತಿರುವ ಪ್ರೋಗ್ರಾಂ ಬಿಟ್ಟು ಬೇರೇನೂ ಓಡದಂತೆ ಬಿಗಿ ಮಾಡುವ ಸೌಲಭ್ಯ ಕೇಳಿ.

ಬರೆಯುವ ರೀತಿಯೂ ಮುಖ್ಯ. ‘ಡ್ಯಾಶ್‌ಬೋರ್ಡ್ ಸುಧಾರಿಸಿ’ ಅಂದರೆ ಅವರು ಬಣ್ಣ ಬದಲಿಸಿ ಕೊಡುತ್ತಾರೆ. ಯಾವ ಬಟನ್ ಬೇಕು ಅಂತ ಹೇಳಬೇಡಿ, ಏನಾಯಿತು ಅಂತ ಹೇಳಿ: ಇಂಥ ಲ್ಯಾಬಿನಲ್ಲಿ ಇಷ್ಟು ಮಷೀನು, ಇಂಥ ತೊಂದರೆ, ಕೈಯಲ್ಲಿ ಸರಿಪಡಿಸಲು ಹಿಡಿದ ಸಮಯ ಇಷ್ಟು, ಸರಿಹೋಗಿದೆ ಅಂತ ನಾವು ಪರೀಕ್ಷಿಸುವುದು ಹೀಗೆ. ಪರೀಕ್ಷೆಗೆ ಐಕಾರ್ ಅನ್ನುವ 68 ಅಕ್ಷರಗಳ ನಿರುಪದ್ರವಿ ಫೈಲು ಇದೆ, ಹೆಚ್ಚುಕಡಿಮೆ ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಹಿಡಿಯುವ ಒಪ್ಪಂದವಿದೆ. ಡೆಮೊ ಅವರ ಲ್ಯಾಪ್‌ಟಾಪಿನಲ್ಲಿ ಬೇಡ. ಸೇಡಂನ ಲ್ಯಾಬಿನಲ್ಲಿ ಇಪ್ಪತ್ತು ಮಷೀನು ಕೊಡಿ. ಐದಕ್ಕೆ ಒಂದೇ ಇಮೇಜ್ ಇಳಿಸಿ, ಎರಡರ ತಾರೀಖು ಹಿಂದಕ್ಕೆ ತಿರುಗಿಸಿ, ಹಂಚುವ ಮಷೀನಿನ ವೈರ್ ಕೀಳಿ, ಐಕಾರ್ ಫೈಲನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕೊಡಿ. ಕಲಬುರಗಿಯಲ್ಲಿ ಕೂತು ಕನ್ಸೋಲ್ ಏನು ಹೇಳುತ್ತದೆ ನೋಡಿ.

ಸೇಲ್ಸ್‌ನವರು ‘ಅದು ನಮ್ಮ ರೋಡ್‌ಮ್ಯಾಪ್‌ನಲ್ಲಿದೆ’ ಅಂದರೆ ಅದು ಇಲ್ಲ ಅಂತಲೇ ಲೆಕ್ಕ ಹಿಡಿದು ಬೆಲೆ ಮಾತಾಡಿ. ಕೇಳಿದ್ದೆಲ್ಲ ಸಿಗುವುದಿಲ್ಲ, ಆದ್ದರಿಂದ ಎಪಿಐ (ಕನ್ಸೋಲ್‌ನ ಮಾಹಿತಿಯನ್ನು ನಮ್ಮ ಪ್ರೋಗ್ರಾಂ ನೇರವಾಗಿ ಓದುವ ದಾರಿ) ಕೊಡಿ ಅಂತ ಖಡಾಖಂಡಿತ ಕೇಳಿ. ಮಷೀನುಗಳ ಪಟ್ಟಿ, ಅಪ್‌ಡೇಟ್ ಸ್ಥಿತಿ, ಎಕ್ಸ್‌ಕ್ಲೂಷನ್‌ಗಳು ಎಪಿಐ ಮೂಲಕ ಹೊರಗೆ ಬಂದರೆ, ನಿಮ್ಮ ನಾಲ್ವರಲ್ಲಿ ಸ್ಕ್ರಿಪ್ಟ್ ಬರೆಯಬಲ್ಲ ಒಬ್ಬರು ಮೇಲೆ ಹೇಳಿದ್ದರಲ್ಲಿ ಅರ್ಧವನ್ನು ತಾವೇ ಮಾಡಿಕೊಳ್ಳಬಹುದು. ರಿನ್ಯೂವಲ್ ಕಾಗದಕ್ಕೆ ಸಹಿ ಹಾಕುವ ಮೊದಲು ಆ 190 ಮಷೀನುಗಳನ್ನು ಹುಡುಕಿ. ಎಷ್ಟು ಲೈಸೆನ್ಸ್ ಕೊಳ್ಳಬೇಕು ಅನ್ನುವುದೇ ಅದರ ಮೇಲೆ ನಿಂತಿದೆ.